ಬೆಳೆಯುತ್ತಿರುವ ಬಡಾವಣೆಯ ಒಳರಸ್ತೆಗಳಿಗೆ ಪಾದಚಾರಿ ಮಾರ್ಗ: ಎಲ್ಲಿಂದ ಆರಂಭಿಸಬೇಕು?

ನಡಿಗೆದಾರಿ ಬರೆಯುತ್ತಾರೆ:

ವರ್ಷದಿಂದ ವರ್ಷಕ್ಕೆ ಮನೆಗಳು ಹೆಚ್ಚುತ್ತಿರುವ ಬಡಾವಣೆಗಳಲ್ಲಿ ಪಾದಚಾರಿ ಮಾರ್ಗದ ಪ್ರಶ್ನೆ ಸಾಮಾನ್ಯವಾಗಿ ತಡವಾಗಿಯೇ ಏಳುತ್ತದೆ. ಅರ್ಧದಷ್ಟು ನಿವೇಶನಗಳು ಖಾಲಿ ಇದ್ದಾಗ ವಾಹನಗಳು ವಿರಳವಾಗಿರುತ್ತವೆ, ರಸ್ತೆಯ ನಡುವೆಯೇ ನಡೆದರೂ ಯಾರಿಗೂ ತೊಂದರೆಯಾಗುವುದಿಲ್ಲ, ಹಾಗಾಗಿ ಫುಟ್‌ಪಾತ್ ಬೇಕೆಂದು ಯಾರಿಗೂ ಅನಿಸುವುದಿಲ್ಲ. ನಿವೇಶನಗಳು ತುಂಬಿ, ಪ್ರತಿ ಮನೆಯ ಮುಂದೆ ಒಂದೆರಡು ವಾಹನಗಳು ನಿಂತು, ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಳ್ಳಲು ಹೊರಗಿನವರೂ ಒಳರಸ್ತೆಗೆ ನುಗ್ಗತೊಡಗಿದ ಮೇಲೆ ಬೇಡಿಕೆ ಹುಟ್ಟುತ್ತದೆ. ಅಷ್ಟರಲ್ಲಿ ಗೇಟುಗಳು, ರ‍್ಯಾಂಪುಗಳು, ವಿದ್ಯುತ್ ಕಂಬಗಳು ಮತ್ತು ಹೂಗಿಡದ ಕಟ್ಟೆಗಳು ಮಾರ್ಗಕ್ಕೆ ಬೇಕಾದ ಜಾಗವನ್ನೆಲ್ಲ ಹಿಡಿದುಕೊಂಡಿರುತ್ತವೆ.

ನಾನು ಈ ಚರ್ಚೆಯನ್ನು ಆರಂಭಿಸಿದ್ದು ಒಂದೇ ಒಂದು ಮಾತನ್ನು ನಿಮ್ಮೆಲ್ಲರ ಮುಂದಿಡುವುದಕ್ಕಾಗಿ. ಯಾವ ರಸ್ತೆಯವರು ಹೆಚ್ಚು ಒತ್ತಾಯಿಸುತ್ತಾರೋ ಆ ರಸ್ತೆಗೆ ಮೊದಲು ಫುಟ್‌ಪಾತ್ ಎಂಬ ಕ್ರಮವನ್ನು ನಾವು ಕೈಬಿಡಬೇಕು. ಮಕ್ಕಳು ಶಾಲೆಗೆ ಹೋಗುವ ದಾರಿ, ಬಸ್ ನಿಲ್ದಾಣದ ದಾರಿ, ಆಸ್ಪತ್ರೆ ಮತ್ತು ಉದ್ಯಾನದ ದಾರಿ ಇವುಗಳನ್ನು ಮೊದಲು ನಕ್ಷೆಯ ಮೇಲೆ ಗುರುತಿಸಿ, ಆ ದಾರಿಗಳ ಒಂದು ಬದಿಯಲ್ಲಾದರೂ ಎಲ್ಲಿಯೂ ಕಡಿಯದ ಮಾರ್ಗವನ್ನು ಕೇಳಬೇಕು. ಇನ್ನೂರು ಮೀಟರ್ ಇಲ್ಲಿ, ನೂರು ಮೀಟರ್ ಅಲ್ಲಿ ಎಂದು ಹಂಚಿಬಿಟ್ಟರೆ ಲೆಕ್ಕದಲ್ಲಿ ಫುಟ್‌ಪಾತ್ ಉದ್ದವಾಗಿ ಕಾಣಬಹುದು. ಆದರೆ ನಡೆಯುವವರು ಪ್ರತಿ ತುಂಡಿನ ಕೊನೆಯಲ್ಲಿಯೂ ವಾಹನಗಳ ನಡುವೆ ಇಳಿಯಲೇಬೇಕಾಗುತ್ತದೆ, ಮತ್ತು ಹಾಗೆ ಇಳಿಯುವ ಜಾಗವೇ ದಾರಿಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು.

ಇದು ಸಣ್ಣ ವಿಷಯವೆಂದು ಭಾವಿಸುವವರು ಎರಡು ಅಂಕಿಗಳನ್ನು ಗಮನಿಸಬೇಕೆಂದು ಕೋರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು, ಅವರಲ್ಲಿ ಶೇ. 23ರಷ್ಟು ಮಂದಿ ಪಾದಚಾರಿಗಳು. ಇನ್ನೊಂದೆಡೆ, ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತವು ಪಾದಚಾರಿ ಮಾರ್ಗಗಳ ಕುರಿತು ನೀಡುವ ಅಂದಾಜಿನಂತೆ, ರಸ್ತೆಯ ಉದ್ದಕ್ಕೂ ನಡೆದು ಹೋಗುವವರಿಗೆ ವಾಹನ ಬಡಿಯುವ ಬಗೆಯ ಅಪಘಾತಗಳು ಮಾರ್ಗವಿರುವ ಕಡೆ ಶೇ. 65ರಿಂದ 89ರಷ್ಟು ಕಡಿಮೆಯಾಗುತ್ತವೆ. ಕಾಂಕ್ರೀಟಿನ ಒಂದು ಪಟ್ಟಿ ಇಷ್ಟು ಜೀವಗಳನ್ನು ಉಳಿಸಬಲ್ಲದೆಂದಾದರೆ ಅದನ್ನು ಬಡಾವಣೆಯ ಅಲಂಕಾರದ ಕೆಲಸಗಳ ಸಾಲಿನಲ್ಲಿ ಸೇರಿಸುವುದು ಸರಿಯಲ್ಲ. ನೀರು, ಚರಂಡಿ, ಬೀದಿದೀಪಗಳ ಸಾಲಿನಲ್ಲಿ ಅದಕ್ಕೆ ಸ್ಥಾನ ಸಿಗಬೇಕು.

ತಮ್ಮೆಲ್ಲರ ಅಭಿಪ್ರಾಯಗಳನ್ನು, ವಿಶೇಷವಾಗಿ ವಿರೋಧವಿರುವವರ ಅಭಿಪ್ರಾಯಗಳನ್ನು, ದಯವಿಟ್ಟು ಇಲ್ಲಿ ಬರೆಯಿರಿ.

ಮೂಲೆಮನೆ:

ನಡಿಗೆದಾರಿಯವರೇ, ತಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಮನೆ ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ನಮ್ಮದು ಮೂಲೆಯ ನಿವೇಶನವಾದ್ದರಿಂದ ಎರಡು ಬದಿಯಲ್ಲಿಯೂ ರಸ್ತೆಯಿದೆ, ಮಾರ್ಗ ಬಂದರೆ ಎರಡು ಬದಿಯ ಜಾಗವೂ ಹೋಗುತ್ತದೆ. ಮನೆ ಕಟ್ಟುವಾಗ ಮಳೆನೀರು ಒಳಗೆ ನುಗ್ಗಬಾರದೆಂದು ನೆಲವನ್ನು ರಸ್ತೆಗಿಂತ ಎತ್ತರಿಸಿ, ಗೇಟಿನಿಂದ ರಸ್ತೆಯವರೆಗೆ ರ‍್ಯಾಂಪ್ ಇಳಿಸಿದ್ದೇವೆ. ಅದನ್ನು ಒಡೆದು ಹಾಕಿದರೆ ಕಾರು ಒಳಗೆ ಹೋಗುವುದು ಹೇಗೆ? ಅಲ್ಲದೆ ಗೇಟಿಗೆ ಅಂಟಿಕೊಂಡಂತೆ ಅಪರಿಚಿತರು ಓಡಾಡುವುದರಿಂದ ಮನೆಯ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ ಎಂಬ ಆತಂಕ ನನ್ನೊಬ್ಬನದೇ ಅಲ್ಲ, ನಮ್ಮ ಸಾಲಿನ ಹಲವರದು.

ಮತ್ತೊಂದು ಮಾತು. ಮಾರ್ಗ ಮಾಡಿದ ಮರುದಿನವೇ ಅದರ ಮೇಲೆ ಬೈಕುಗಳು ನಿಲ್ಲುತ್ತವೆ, ಮರಳು ಜಲ್ಲಿ ಸುರಿಯುತ್ತಾರೆ. ಯಾರೂ ನಡೆಯದ ಫುಟ್‌ಪಾತಿಗೆ ರಸ್ತೆಯ ಅಗಲವನ್ನು ಕಿರಿದಾಗಿಸುವುದರಲ್ಲಿ ಏನು ಲಾಭವಿದೆ ಎಂಬುದನ್ನು ಯಾರಾದರೂ ವಿವರಿಸಬೇಕು.

ಅಳತೆಪಟ್ಟಿ:

ರಸ್ತೆ ಕಾಮಗಾರಿಗಳಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ, ಮೂಲೆಮನೆಯವರ ಪ್ರಶ್ನೆಗೆ ತಾಂತ್ರಿಕವಾಗಿ ಉತ್ತರಿಸಲು ಪ್ರಯತ್ನಿಸುತ್ತೇನೆ. ಇದು ಸ್ವಲ್ಪ ದೀರ್ಘವಾಗುತ್ತದೆ.

ಮೊದಲನೆಯದಾಗಿ, ಜಾಗ ಯಾರದು ಎಂಬುದು ಸ್ಪಷ್ಟವಾಗಬೇಕು. ನಕ್ಷೆಯಲ್ಲಿ ರಸ್ತೆಯೆಂದು ತೋರಿಸಿರುವ ಅಗಲವು ಟಾರು ಹಾಕಿದ ಭಾಗ ಮಾತ್ರವಲ್ಲ. ಒಂದು ಬದಿಯ ಕಾಂಪೌಂಡಿನಿಂದ ಎದುರು ಬದಿಯ ಕಾಂಪೌಂಡಿನವರೆಗಿನ ಪೂರ್ತಿ ಅಗಲವೇ ರಸ್ತೆ. ಹೆಚ್ಚಿನ ಕಡೆ ಟಾರಿನ ಅಂಚಿಗೂ ಕಾಂಪೌಂಡಿಗೂ ನಡುವೆ ಒಂದೆರಡು ಮೀಟರ್ ಮಣ್ಣಿನ ಪಟ್ಟಿ ಇರುತ್ತದೆ, ರ‍್ಯಾಂಪುಗಳೂ ಹೂಕುಂಡಗಳೂ ಬರುವುದು ಅಲ್ಲಿಯೇ. ಆದುದರಿಂದ ಯಾರ ನಿವೇಶನದಿಂದಲೂ ಜಾಗ ಕಸಿದುಕೊಳ್ಳುವ ಪ್ರಶ್ನೆ ಬಹುಪಾಲು ಉದ್ಭವಿಸುವುದೇ ಇಲ್ಲ. ಸಾರ್ವಜನಿಕ ಜಾಗವನ್ನು ಅದರ ಉಪಯೋಗಕ್ಕೆ ಮರಳಿಸುವ ಪ್ರಶ್ನೆಯಷ್ಟೇ ಇದೆ.

ಎರಡನೆಯದಾಗಿ ಅಗಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿಯು ವಸತಿ ಪ್ರದೇಶದಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವನ್ನು ಹೇಳುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸರಾಗವಾಗಿ ದಾಟಿಹೋಗಲು ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ ಜಾಗ. ಅಮೆರಿಕದಲ್ಲಿ 2023ರಲ್ಲಿ ಅಂತಿಮಗೊಂಡ ಸಾರ್ವಜನಿಕ ರಸ್ತೆಗಳ ಪ್ರವೇಶಸಾಧ್ಯತೆಯ ಮಾರ್ಗಸೂಚಿಯು ಕನಿಷ್ಠ 1.2 ಮೀಟರ್ ಸಾಕೆಂದರೂ, 1.5 ಮೀಟರಿಗಿಂತ ಕಿರಿದಾದ ಕಡೆ ಸುಮಾರು 60 ಮೀಟರಿಗೊಮ್ಮೆ ಪರಸ್ಪರ ದಾಟಿಹೋಗುವಷ್ಟು ಅಗಲದ ಜಾಗ ಬಿಡಬೇಕೆನ್ನುತ್ತದೆ. ಇಲ್ಲಿ ‘ಅಡೆತಡೆಯಿಲ್ಲದ’ ಎಂಬ ಷರತ್ತನ್ನು ಯಾರೂ ಮರೆಯಬಾರದು. ಎರಡು ಮೀಟರ್ ಅಗಲದ ಮಾರ್ಗದ ನಡುವೆ ವಿದ್ಯುತ್ ಕಂಬ ನಿಂತರೆ ಅದರ ನಿಜವಾದ ಅಗಲ ಕಂಬದ ಬದಿಯಲ್ಲಿ ಉಳಿಯುವ ಮುಕ್ಕಾಲು ಮೀಟರ್ ಮಾತ್ರ.

ಮೂರನೆಯದು ಮಟ್ಟ. ಒಳರಸ್ತೆಗಳಲ್ಲಿ ಮಾರ್ಗಗಳು ಕೆಡುವುದಕ್ಕೆ ನಾನು ಕಂಡ ಮುಖ್ಯ ಕಾರಣವಿದು. ಪ್ರತಿ ಸಲ ಟಾರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಸುತ್ತಾ ಹೋದರೆ ರಸ್ತೆ ಎತ್ತರವಾಗುತ್ತದೆ, ಅಂಚುಕಲ್ಲು ಹೂತುಹೋಗುತ್ತದೆ, ಮಳೆನೀರು ಚರಂಡಿಯ ಬದಲಿಗೆ ಫುಟ್‌ಪಾತಿನ ಮೇಲೆ, ಅಲ್ಲಿಂದ ಮನೆಯೊಳಗೆ ಹರಿಯುತ್ತದೆ. ಅದಕ್ಕೆ ಹೆದರಿ ಮುಂದಿನ ಮನೆಯವರು ನೆಲವನ್ನು ಇನ್ನಷ್ಟು ಎತ್ತರಿಸುತ್ತಾರೆ, ಅವರ ರ‍್ಯಾಂಪು ಇನ್ನಷ್ಟು ಉದ್ದವಾಗುತ್ತದೆ. ಈ ಸರಪಣಿಯನ್ನು ಮೊದಲ ಕೊಂಡಿಯಲ್ಲಿಯೇ ತುಂಡರಿಸಬೇಕು: ರಸ್ತೆಯ ಅಂತಿಮ ಮಟ್ಟವನ್ನು ನಿಗದಿಪಡಿಸಿ, ಪ್ರತಿ ಹೊಸ ಪದರಕ್ಕೂ ಮುನ್ನ ಹಳೆಯದನ್ನು ಕೆರೆದು ತೆಗೆಯಬೇಕೆಂಬ ಷರತ್ತನ್ನು ಟೆಂಡರಿನಲ್ಲಿಯೇ ಬರೆಯಿಸಬೇಕು. ಮಾರ್ಗದ ಎತ್ತರ ರಸ್ತೆಗಿಂತ 150 ಮಿಲಿಮೀಟರ್ ಮೀರಬಾರದು, ಅದಕ್ಕಿಂತ ಎತ್ತರವಾದರೆ ವಯಸ್ಸಾದವರು ಹತ್ತುವುದೇ ಇಲ್ಲ. ಮೇಲ್ಮೈ ರಸ್ತೆಯ ಕಡೆಗೆ 50ಕ್ಕೆ 1ರಷ್ಟು ಮಾತ್ರ ಇಳಿಜಾರಾಗಿದ್ದರೆ ನೀರೂ ನಿಲ್ಲುವುದಿಲ್ಲ, ನಡೆಯುವವರ ಕಾಲೂ ಜಾರುವುದಿಲ್ಲ.

ರ‍್ಯಾಂಪಿನ ಪ್ರಶ್ನೆಗೆ ಪರಿಹಾರ ಸರಳವಾಗಿದೆ. ಮನೆಯ ಮಟ್ಟದ ಏರಿಳಿತವನ್ನು ಗೇಟಿನ ಒಳಗೆ ನಿಭಾಯಿಸಬೇಕು, ರಸ್ತೆಗೆ ಇಳಿಯುವ ಸಣ್ಣ ಇಳಿಜಾರನ್ನು ಅಂಚುಕಲ್ಲಿನ ಬಳಿಯ ಅರ್ಧ ಮೀಟರಿನಲ್ಲಿ ಮುಗಿಸಬೇಕು, ನಡುವಿನ ಮಾರ್ಗ ಮಾತ್ರ ತನ್ನ ಮಟ್ಟವನ್ನು ಬಿಡದೆ ನೇರವಾಗಿ ಸಾಗಬೇಕು. ಮಾರ್ಗದ ಕಾಂಕ್ರೀಟ್ ಸಾಮಾನ್ಯವಾಗಿ 100 ಮಿಲಿಮೀಟರ್ ದಪ್ಪವಿರುತ್ತದೆ, ಕಾರು ದಾಟುವ ಕಡೆ ಅದನ್ನು 150 ಮಿಲಿಮೀಟರಿಗೆ ಏರಿಸಿದರೆ ಬಿರುಕು ಬಿಡುವುದಿಲ್ಲ. ಮೂಲೆಮನೆಯವರ ಕಾರು ಯಾವ ತೊಂದರೆಯೂ ಇಲ್ಲದೆ ಒಳಗೆ ಹೋಗುತ್ತದೆ.

ಗಾಲಿಹಾದಿ:

ಅಳತೆಪಟ್ಟಿಯವರು ಬರೆದ ಕೊನೆಯ ಅಂಶವನ್ನು ನಾನು ದಿನವೂ ಗಾಲಿಕುರ್ಚಿಯಲ್ಲಿ ಕುಳಿತು ಅನುಭವಿಸುವವಳು. ನಡೆಯುವವರ ಗಮನಕ್ಕೆ ಬಾರದ ಕೆಲವು ಸಂಗತಿಗಳನ್ನು ಹೇಳಬೇಕಿದೆ.

ಮಾರ್ಗವನ್ನು ಪ್ರತಿ ಗೇಟಿನ ಮುಂದೆ ರಸ್ತೆಯ ಮಟ್ಟಕ್ಕೆ ಇಳಿಸಿ ಮತ್ತೆ ಏರಿಸಿದರೆ, ಹತ್ತು ಮನೆಗಳ ಸಾಲಿನಲ್ಲಿ ನಾನು ಹತ್ತು ಸಲ ಇಳಿದು ಹತ್ತು ಸಲ ಏರಬೇಕು. ಇಳಿಯುವಾಗ ಮುಂದಿನ ಪುಟ್ಟ ಗಾಲಿಗಳು ತಳದ ಸಂದಿನಲ್ಲಿ ಸಿಕ್ಕಿಕೊಂಡು ಮೈ ಮುಂದಕ್ಕೆ ವಾಲುತ್ತದೆ, ಏರುವಾಗ ಭುಜದ ಬಲವನ್ನೆಲ್ಲ ಹಾಕಿ ತಳ್ಳಬೇಕು. ಇನ್ನು ರ‍್ಯಾಂಪು ಮಾರ್ಗಕ್ಕೆ ಅಡ್ಡಲಾಗಿ ವಾಲಿದ್ದರೆ ಕುರ್ಚಿ ತಾನಾಗಿಯೇ ರಸ್ತೆಯ ಕಡೆಗೆ ತಿರುಗಿಬಿಡುತ್ತದೆ, ಅದನ್ನು ನೇರವಾಗಿಡಲು ಒಂದು ಗಾಲಿಯನ್ನು ಹಿಡಿದು ಇನ್ನೊಂದನ್ನು ಮಾತ್ರ ತಿರುಗಿಸುತ್ತಾ ಹೋಗಬೇಕು. ಹಿಂದಿನಿಂದ ವಾಹನ ಬರುತ್ತಿರುವಾಗ ಹೀಗಾದರೆ ಎಷ್ಟು ಭಯವಾಗುತ್ತದೆಂದು ಹೇಳಲಾರೆ. ಇದೇ ಕಾರಣಕ್ಕೆ, ಹೊಸದಾಗಿ ಮಾಡಿದ ಮಾರ್ಗವಿದ್ದರೂ ನನ್ನಂಥವರು ರಸ್ತೆಯಲ್ಲಿಯೇ ಹೋಗುವುದನ್ನು ತಾವು ನೋಡಿರಬಹುದು. ಯಾರೂ ಉಪಯೋಗಿಸುವುದಿಲ್ಲ ಎಂದು ತೀರ್ಮಾನಿಸುವ ಮುನ್ನ ಅದು ಉಪಯೋಗಿಸುವಂತಿದೆಯೇ ಎಂದು ನೋಡಬೇಕೆಂಬುದು ನನ್ನ ವಿನಂತಿ.

ಅಡ್ಡರಸ್ತೆ ಸೇರುವ ಕಡೆ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಅಂದರೆ 150 ಮಿಲಿಮೀಟರ್ ಎತ್ತರವನ್ನು ಇಳಿಯಲು ಸುಮಾರು 1.8 ಮೀಟರ್ ಉದ್ದ ಬೇಕು. ಸಿಮೆಂಟು ಮೆತ್ತಿ ಅರ್ಧ ಮೀಟರಿನಲ್ಲಿ ಇಳಿಸಿಬಿಟ್ಟರೆ ಅದು ಬೈಕುಗಳು ಹತ್ತುವುದಕ್ಕೆ ಅನುಕೂಲವಾಗುತ್ತದೆಯೇ ಹೊರತು ನಮಗಲ್ಲ. ದೃಷ್ಟಿದೋಷವಿರುವವರಿಗಾಗಿ ಉಬ್ಬುಗೆರೆಯ ಹಳದಿ ಹಾಸುಗಳ ಬಗ್ಗೆಯೂ ಒಂದು ಮಾತು. ಜಪಾನಿನ ಸೆಯಿಇಚಿ ಮಿಯಾಕೆ ಅವರು 1965ರಲ್ಲಿ ರೂಪಿಸಿ, 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲ ಬಾರಿಗೆ ಹಾಸಲಾದ ಈ ವ್ಯವಸ್ಥೆಯಲ್ಲಿ ಉದ್ದನೆಯ ಗೆರೆಗಳು ಮುಂದೆ ಸಾಗಿರಿ ಎಂದೂ, ಗುಂಡನೆಯ ಉಬ್ಬುಗಳು ಎಚ್ಚರದಿಂದಿರಿ ಎಂದೂ ತಿಳಿಸುತ್ತವೆ. ಈ ಹಾಸನ್ನು ನೇರವಾಗಿ ಕಂಬಕ್ಕೋ ತೆರೆದ ಚರಂಡಿಗೋ ಕೊಂಡೊಯ್ದು ಬಿಟ್ಟಿರುವ ಕಡೆಗಳಲ್ಲಿ ಅದು ಇಲ್ಲದಿದ್ದರೇ ಚೆನ್ನಾಗಿತ್ತು. ಗುಣಮಟ್ಟವಿಲ್ಲದ ಕೆಲಸಕ್ಕೆ ಅಂಗವಿಕಲರ ಹೆಸರನ್ನು ಬಳಸಬಾರದು.

ತಿರುವುರಸ್ತೆ:

ಎಲ್ಲ ಒಳರಸ್ತೆಗಳಿಗೂ ಪಾದಚಾರಿ ಮಾರ್ಗ ಬೇಕೆಂಬ ವಾದವನ್ನು ಒಪ್ಪುವುದು ನನಗೆ ಕಷ್ಟವಾಗುತ್ತಿದೆ. ನಮ್ಮದು ಒಂದು ತುದಿಯಲ್ಲಿ ಮುಚ್ಚಿಹೋಗುವ, ಹದಿನೈದು ಇಪ್ಪತ್ತು ಮನೆಗಳ ಕಿರುರಸ್ತೆ. ಒಟ್ಟು ಅಗಲವೇ ಆರು ಮೀಟರ್. ಎರಡೂ ಬದಿಗೆ 1.8 ಮೀಟರ್ ತೆಗೆದರೆ ಉಳಿಯುವುದು 2.4 ಮೀಟರ್ ಮಾತ್ರ, ಅಗ್ನಿಶಾಮಕ ವಾಹನವಾಗಲಿ ಆಂಬ್ಯುಲೆನ್ಸ್ ಆಗಲಿ ಒಳಗೆ ಬರುವುದು ಹೇಗೆ? ಸಂಜೆ ಮಕ್ಕಳು ಆಡುವುದು ಇದೇ ರಸ್ತೆಯಲ್ಲಿ. ಅದನ್ನು ಕಾರುಗಳಿಗೊಂದು ಪಟ್ಟಿ, ಜನರಿಗೊಂದು ಪಟ್ಟಿ ಎಂದು ವಿಂಗಡಿಸಿದರೆ ನಡುವಿನ ಪಟ್ಟಿ ತಮ್ಮದೇ ಎಂದುಕೊಂಡು ವಾಹನ ಸವಾರರು ಇನ್ನೂ ವೇಗವಾಗಿ ಬರುತ್ತಾರೆ ಎಂಬ ಅಂಜಿಕೆ ನನ್ನದು.

ನಡಿಗೆದಾರಿ:

ತಿರುವುರಸ್ತೆಯವರ ಆಕ್ಷೇಪ ನ್ಯಾಯವಾದದ್ದು. ಅಂಥ ಕಿರುರಸ್ತೆಗೆ ಎತ್ತರಿಸಿದ ಮಾರ್ಗ ಬೇಕೆಂದು ನಾನೂ ಹೇಳುವುದಿಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡು, 1976ರಲ್ಲಿ ಆ ದೇಶದ ಕಾನೂನಿನ ಮಾನ್ಯತೆ ಪಡೆದ ‘ವೋನೆರ್ಫ್’ ಎಂಬ ಬಗೆಯ ವಸತಿರಸ್ತೆಗಳಲ್ಲಿ ಪ್ರತ್ಯೇಕ ಫುಟ್‌ಪಾತ್ ಇರುವುದಿಲ್ಲ. ಇಡೀ ರಸ್ತೆಯೂ ನಡೆಯುವವರದೇ, ಅಲ್ಲಿಗೆ ಬರುವ ವಾಹನ ನಡಿಗೆಯ ವೇಗದಲ್ಲಿ ಬರಬೇಕು. ಆದರೆ ಫಲಕವೊಂದನ್ನು ನೆಟ್ಟ ಮಾತ್ರಕ್ಕೆ ಅಲ್ಲಿ ವೇಗ ತಗ್ಗಲಿಲ್ಲ ಎಂಬುದನ್ನು ಗಮನಿಸಬೇಕು. ರಸ್ತೆಯನ್ನು ಅಲ್ಲಲ್ಲಿ ಬಾಗಿಸಿ, ಮರ ಮತ್ತು ಬೆಂಚುಗಳನ್ನು ನಡುವೆ ತಂದು, ಪ್ರವೇಶದ್ವಾರದಲ್ಲಿಯೇ ಮೇಲ್ಮೈಯನ್ನು ಎತ್ತರಿಸಿ, ವೇಗವಾಗಿ ಹೋಗುವುದನ್ನೇ ಅಸಾಧ್ಯವಾಗಿಸಿದರು.

ವೇಗದ ವಿಷಯ ಇಷ್ಟು ಮುಖ್ಯವಾಗುವುದಕ್ಕೆ ಕಾರಣವಿದೆ. ಅಮೆರಿಕದ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನವು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ಕಾರು ಬಡಿದರೆ ಪಾದಚಾರಿ ಸಾಯುವ ಸಂಭವ ಶೇ. 10 ಇದ್ದರೆ, ಸುಮಾರು 51 ಕಿಲೋಮೀಟರಿನಲ್ಲಿ ಅದು ಶೇ. 25ಕ್ಕೂ, ಸುಮಾರು 68 ಕಿಲೋಮೀಟರಿನಲ್ಲಿ ಶೇ. 50ಕ್ಕೂ ಏರುತ್ತದೆ ಎಂದು ಕಂಡುಬಂತು. ಇದು ಸರಾಸರಿ, ಮುಪ್ಪಿನಲ್ಲಿರುವವರಿಗೆ ಅಪಾಯ ಇನ್ನೂ ಹೆಚ್ಚು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ಸಚಿವರ ಸಮ್ಮೇಳನವು ಪಾದಚಾರಿಗಳು ಮತ್ತು ವಾಹನಗಳು ಪದೇ ಪದೇ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು ಘೋಷಿಸಿದ್ದು ಈ ಬಗೆಯ ತಿಳಿವಳಿಕೆಯ ಆಧಾರದಿಂದಲೇ.

ಹೀಗಾಗಿ ನನ್ನ ಮೂಲ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳುತ್ತೇನೆ. ಹಾದುಹೋಗುವ ವಾಹನಗಳಿರುವ, ಹಲವು ಅಡ್ಡರಸ್ತೆಗಳ ಜನರನ್ನು ಒಟ್ಟುಗೂಡಿಸಿ ಶಾಲೆ ಮತ್ತು ಬಸ್ಸಿನ ಕಡೆಗೆ ಕೊಂಡೊಯ್ಯುವ ರಸ್ತೆಗಳಿಗೆ ಎತ್ತರಿಸಿದ, ಕಡಿಯದ ಮಾರ್ಗ ಬೇಕೇ ಬೇಕು, ಅದರಲ್ಲಿ ರಾಜಿಯಿಲ್ಲ. ತಮ್ಮ ರಸ್ತೆಯಂಥವುಗಳಿಗೆ ಬೇಕಾಗಿರುವುದು ಪ್ರವೇಶದಲ್ಲಿ ಒಂದು ಉಬ್ಬುಮೇಲ್ಮೈ ಮತ್ತು ನಿಜವಾಗಿ ಜಾರಿಯಾಗುವ ವೇಗಮಿತಿ. ಇವೆರಡರ ನಡುವಿನ ರಸ್ತೆಗಳಿಗೆ ಒಂದು ಬದಿಯ ಮಾರ್ಗ ಸದ್ಯಕ್ಕೆ ಸಾಕು.

ಮೂಲೆಮನೆಯವರು ಎತ್ತಿದ ವಾಹನ ನಿಲುಗಡೆಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1998ರಿಂದ 2000ದವರೆಗೆ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಲೋಸಾ ಅವರು ಫುಟ್‌ಪಾತುಗಳ ಮೇಲೆ ನಿಲ್ಲುತ್ತಿದ್ದ ಕಾರುಗಳನ್ನು ತೆರವುಗೊಳಿಸಿ ಅಡ್ಡಗೂಟಗಳನ್ನು ನೆಡಿಸಿದಾಗ, ಅವರನ್ನು ಅಧಿಕಾರದಿಂದ ಇಳಿಸಬೇಕೆಂಬಷ್ಟು ಪ್ರತಿಭಟನೆ ಎದ್ದಿತು. ಆದರೂ ಅವರು ಹಿಂದೆ ಸರಿಯಲಿಲ್ಲ. ಗೂಟಗಳ ನಡುವೆ ಗಾಲಿಕುರ್ಚಿ ದಾಟುವಷ್ಟು, ಕಾರು ದಾಟದಷ್ಟು ಅಂತರವಿಟ್ಟರೆ ಕಾವಲಿಗೆ ಯಾರೂ ನಿಲ್ಲಬೇಕಾಗಿಲ್ಲ. ಬೈಕುಗಳನ್ನು ಇದರಿಂದ ಪೂರ್ತಿ ತಡೆಯಲಾಗದು ಎಂಬುದು ನಿಜ, ಅದಕ್ಕೆ ದಂಡವೇ ದಾರಿ.

ನೆರಳುಮರ:

ಎಲ್ಲರೂ ಕಾಂಕ್ರೀಟಿನ ಬಗ್ಗೆ ಮಾತನಾಡುತ್ತಿದ್ದೀರಿ, ಮರಗಳ ಬಗ್ಗೆ ಒಬ್ಬರಾದರೂ ಬರೆಯುವಿರೆಂದು ಕಾದಿದ್ದೆ. ರಸ್ತೆಯ ಅಂಚಿನ ಆ ಮಣ್ಣಿನ ಪಟ್ಟಿಯಲ್ಲಿಯೇ ನಮ್ಮ ಮರಗಳಿವೆ. ಮಾರ್ಗ ಮಾಡುತ್ತೇವೆಂದು ಬುಡದವರೆಗೆ ಸಿಮೆಂಟು ಸುರಿದ ಕಡೆಗಳಲ್ಲಿ ನೀರು ಮತ್ತು ಗಾಳಿ ಸಿಗದೆ ಮರ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಇಲ್ಲವೇ ಬೇರುಗಳು ಹಾಸನ್ನು ಎತ್ತಿ ಒಡೆಯುತ್ತವೆ. ಲಾಸ್ ಏಂಜಲೀಸ್ ನಗರವು ಒಡೆದ ಫುಟ್‌ಪಾತುಗಳ ಬಗ್ಗೆ ಅಂಗವಿಕಲರು ಹೂಡಿದ ದಾವೆಯಲ್ಲಿ ರಾಜಿ ಮಾಡಿಕೊಂಡು, 30 ವರ್ಷಗಳ ಅವಧಿಯಲ್ಲಿ 130 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ದುರಸ್ತಿಗೆ ವ್ಯಯಿಸಲು ಒಪ್ಪಬೇಕಾಯಿತು. ಅಲ್ಲಿನ ಹಾನಿಯಲ್ಲಿ ಮರದ ಬೇರುಗಳ ಪಾಲು ದೊಡ್ಡದಿತ್ತು.

ಇದರಿಂದ ಮರ ಬೇಡವೆಂಬ ತೀರ್ಮಾನಕ್ಕೆ ಯಾರೂ ಬರಬಾರದು. ಬಿರುಬಿಸಿಲಿನಲ್ಲಿ ನೆರಳಿಲ್ಲದ ಮಾರ್ಗವನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಜನ ನಡೆಯುವುದಿಲ್ಲ. ಮರದ ಸಾಲನ್ನು ಅಂಚುಕಲ್ಲಿಗೂ ಮಾರ್ಗಕ್ಕೂ ನಡುವೆ ಒಂದು ಮಣ್ಣಿನ ಪಟ್ಟಿಯಾಗಿ ಉಳಿಸಿ, ನಡೆಯುವ ಜಾಗವನ್ನು ಕಾಂಪೌಂಡಿನ ಕಡೆಗೆ ತಂದರೆ ನಡೆಯುವವರಿಗೂ ವಾಹನಗಳಿಗೂ ನಡುವೆ ಅಂತರ ಸಿಗುತ್ತದೆ, ಮಳೆನೀರು ಇಂಗುತ್ತದೆ, ಕಂಬಗಳಿಗೂ ಅದೇ ಪಟ್ಟಿಯಲ್ಲಿ ಜಾಗವಾಗುತ್ತದೆ. ಹಳೆಯ ಮರ ದಾರಿಗೆ ಅಡ್ಡವಿದ್ದರೆ ಮಾರ್ಗವನ್ನು ಅದರ ಸುತ್ತ ಬಾಗಿಸಬೇಕು, ಕಡಿಯುವುದು ಕೊನೆಯ ಆಯ್ಕೆಯಾಗಬೇಕು. ಜಾಗ ಸಾಲದಿದ್ದರೆ ಒಂದು ಕಾರು ನಿಲ್ಲುವ ಜಾಗವನ್ನು ಬಿಟ್ಟುಕೊಡೋಣ, ಮರವನ್ನಲ್ಲ.

ಲೆಕ್ಕಪತ್ರ:

ಹಣದ ವಿಷಯವನ್ನು ಯಾರೂ ಮುಟ್ಟಿಲ್ಲ. ಮಾರ್ಗ ನಿರ್ಮಾಣಕ್ಕೆ ಮೂರು ಮೂಲಗಳಿವೆ: ಬಡಾವಣೆ ನಿರ್ಮಿಸುವವರು, ಸ್ಥಳೀಯ ಸಂಸ್ಥೆ ಮತ್ತು ಮನೆ ಮಾಲೀಕರು. ಹೊಸದಾಗಿ ರಚನೆಯಾಗುವ ಭಾಗಗಳಲ್ಲಿ ನಕ್ಷೆಗೆ ಅನುಮೋದನೆ ನೀಡುವಾಗಲೇ ಮಾರ್ಗವನ್ನೂ ನಿರ್ಮಿಸಿಕೊಡಬೇಕೆಂಬ ಷರತ್ತು ಹಾಕುವುದು ಎಲ್ಲಕ್ಕಿಂತ ಅಗ್ಗದ ದಾರಿ, ಏಕೆಂದರೆ ಆಗ ಒಡೆಯಬೇಕಾದದ್ದು, ಸ್ಥಳಾಂತರಿಸಬೇಕಾದದ್ದು ಏನೂ ಇರುವುದಿಲ್ಲ. ಆದರೆ ಅವರು ತಮ್ಮ ಗಡಿಯವರೆಗೆ ಮಾತ್ರ ಕಟ್ಟುತ್ತಾರೆ. ಆ ಗಡಿಯಿಂದ ಹಳೆಯ ರಸ್ತೆಯವರೆಗಿನ ಕೊಂಡಿಯನ್ನು ಯಾರು ಕಟ್ಟಬೇಕೆಂಬುದನ್ನು ಆಗಲೇ ಬರೆದಿಡದಿದ್ದರೆ ಅದು ವರ್ಷಾನುಗಟ್ಟಲೆ ಹಾಗೆಯೇ ಉಳಿಯುತ್ತದೆ.

ಹಳೆಯ ರಸ್ತೆಗಳದು ಬೇರೆ ಕಥೆ. ಅಮೆರಿಕದ ಹಲವು ನಗರಗಳಲ್ಲಿ ಮನೆಯ ಮುಂದಿನ ಮಾರ್ಗದ ದುರಸ್ತಿ ಆಯಾ ಮಾಲೀಕರದೇ ಹೊಣೆ. ಇದರಿಂದ ಅನುಕೂಲಸ್ಥರ ಮನೆಯ ಮುಂದೆ ಒಳ್ಳೆಯ ಹಾಸು, ಪಕ್ಕದ ಮನೆಯವರಿಗೆ ಶಕ್ತಿಯಿಲ್ಲದಿದ್ದರೆ ಅಲ್ಲಿ ಗುಂಡಿ ಎಂಬಂತಾಗುತ್ತದೆ. ಇದನ್ನು ಮನಗಂಡು ನ್ಯೂಯಾರ್ಕ್ ರಾಜ್ಯದ ಇಥಾಕಾ ನಗರವು ಊರನ್ನು ಐದು ವಲಯಗಳಾಗಿ ವಿಂಗಡಿಸಿ, ಎಲ್ಲ ಮಾಲೀಕರಿಂದ ಸಣ್ಣ ವಾರ್ಷಿಕ ಶುಲ್ಕ ಪಡೆದು ತಾನೇ ಕೆಲಸ ಮಾಡಿಸುವ ವ್ಯವಸ್ಥೆಗೆ ಬದಲಾಯಿತು. ಡೆನ್ವರ್ ನಗರದ ಮತದಾರರು 2022ರಲ್ಲಿ ಇಂಥದೇ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿದರು. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯಯುತವಾದ ದಾರಿ. ಮಾರ್ಗದ ಮೇಲೆ ಊರಿನವರೆಲ್ಲ ನಡೆಯುತ್ತಾರೆ, ಅದರ ಖರ್ಚನ್ನು ಆ ಸಾಲಿನ ಮನೆಗಳ ಮೇಲೆ ಮಾತ್ರ ಹೇರಿದರೆ ವಿರೋಧ ಹುಟ್ಟುವುದು ಸಹಜ.

ಖರ್ಚು ಉಳಿಸುವ ಇನ್ನೊಂದು ದಾರಿ ಕಾಲದ ಹೊಂದಾಣಿಕೆ. ನೀರಿನ ಕೊಳವೆ, ಒಳಚರಂಡಿ, ಕೇಬಲ್ಲುಗಳಿಗಾಗಿ ಅಗೆಯುವ ಕೆಲಸ ಬಾಕಿಯಿರುವಾಗ ಮಾರ್ಗ ಹಾಸಿದರೆ ಆರು ತಿಂಗಳೊಳಗೆ ಅದನ್ನು ಒಡೆಯುತ್ತಾರೆ. ಎಲ್ಲ ಇಲಾಖೆಗಳ ಕಾಮಗಾರಿ ಪಟ್ಟಿಯನ್ನು ಒಂದೆಡೆ ತರಿಸಿ ನೋಡಿದ ನಂತರವೇ ನಾವು ಮನವಿ ಸಲ್ಲಿಸಬೇಕು.

ಮೂಲೆಮನೆ:

ಎಲ್ಲರ ಉತ್ತರಗಳನ್ನೂ ಎರಡು ಸಲ ಓದಿದೆ. ರ‍್ಯಾಂಪನ್ನು ಗೇಟಿನ ಒಳಗೆ ನಿಭಾಯಿಸಲು ನಮ್ಮ ಮನೆಯಲ್ಲಿ ಜಾಗವಿದೆ, ಆದರೆ ಪಕ್ಕದವರ ಮನೆಯಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಒಂದು ಕಾರು ನಿಲ್ಲುವಷ್ಟೇ ಜಾಗವಿರುವುದರಿಂದ ಅದು ಸಾಧ್ಯವಾಗದು. ಅಂಥವರಿಗೆ ಏನು ಪರಿಹಾರ? ಅದನ್ನು ಹೇಳಿದರೆ ನಮ್ಮ ಸಾಲಿನವರೊಂದಿಗೆ ಮಾತನಾಡಲು ನಾನು ಸಿದ್ಧನಿದ್ದೇನೆ. ಖಾಸಗಿತನದ ವಿಷಯದಲ್ಲಿ ನನ್ನ ಅಸಮಾಧಾನ ಇನ್ನೂ ಉಳಿದಿದೆ, ಅದನ್ನು ಮುಚ್ಚಿಡುವುದಿಲ್ಲ.

ಅಳತೆಪಟ್ಟಿ:

ಅಂಥ ಮನೆಗಳ ಮುಂದೆ ಇಡೀ ಮಾರ್ಗದ ಮಟ್ಟವನ್ನೇ ನಿಧಾನವಾಗಿ, ಹಲವು ಮೀಟರುಗಳ ಉದ್ದಕ್ಕೆ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಹೊಂದಿಸಿಕೊಳ್ಳಬಹುದು. ಪ್ರತಿ ಗೇಟಿಗೂ ಬೇರೆ ಬೇರೆಯಾಗಿ ಇಳಿಸುವುದಕ್ಕಿಂತ ಮೂರು ನಾಲ್ಕು ಮನೆಗಳನ್ನು ಒಂದು ಘಟಕವೆಂದು ಭಾವಿಸಿ ಮಟ್ಟ ನಿಗದಿಪಡಿಸಿದರೆ ಹೆಚ್ಚಿನ ಪ್ರಕರಣಗಳು ಪರಿಹಾರವಾಗುತ್ತವೆ. ಆದರೆ ಇದು ಕಚೇರಿಯಲ್ಲಿ ಕುಳಿತು ನಕ್ಷೆ ನೋಡಿ ತೀರ್ಮಾನಿಸುವ ಕೆಲಸವಲ್ಲ. ಗೇಟಿನ ಹೊಸ್ತಿಲಿನ ಮಟ್ಟ, ಚರಂಡಿಯ ತಳದ ಮಟ್ಟ, ಟಾರಿನ ಅಂಚಿನ ಮಟ್ಟ ಈ ಮೂರನ್ನೂ ಪ್ರತಿ ಮನೆಯ ಮುಂದೆ ಅಳೆದು ಪಟ್ಟಿ ಮಾಡಬೇಕು. ಆ ಪಟ್ಟಿಯಿಲ್ಲದೆ ಟೆಂಡರು ಕರೆದ ಕಡೆ ಗುತ್ತಿಗೆದಾರರು ಸ್ಥಳದಲ್ಲಿಯೇ ತಮಗೆ ತೋಚಿದಂತೆ ಮಾಡುತ್ತಾರೆ.

ನಡಿಗೆದಾರಿ:

ಇಲ್ಲಿ ಬಂದ ಮಾತುಗಳ ಆಧಾರದ ಮೇಲೆ ಮನವಿಯ ಕರಡನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಇಡೀ ಬಡಾವಣೆಗೆ ಮಾರ್ಗ ಬೇಕೆಂದು ಕೇಳುವುದಿಲ್ಲ. ಶಾಲೆಯಿಂದ ಬಸ್ ನಿಲ್ದಾಣದವರೆಗಿನ ಒಂದು ದಾರಿಯನ್ನು, ಮರದ ಪಟ್ಟಿ ಸಹಿತ, ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲದಲ್ಲಿ, ಒಂದು ಬದಿಯಲ್ಲಿ ಪೂರ್ತಿಯಾಗಿ ಮುಗಿಸಿಕೊಡಿ ಎಂದು ಕೇಳುತ್ತೇವೆ. ಕಿರುರಸ್ತೆಗಳಿಗೆ ವೇಗ ತಗ್ಗಿಸುವ ಕ್ರಮಗಳು, ಇನ್ನೂ ಖಾಲಿಯಿರುವ ನಿವೇಶನಗಳ ಕಟ್ಟಡ ಪರವಾನಗಿಯಲ್ಲಿ ರ‍್ಯಾಂಪು ಗೇಟಿನ ಒಳಗೇ ಇರಬೇಕೆಂಬ ಷರತ್ತು, ಮತ್ತು ಟಾರು ಹಾಕುವ ಮುನ್ನ ಹಳೆಯ ಪದರ ತೆಗೆಯಬೇಕೆಂಬ ಷರತ್ತು ಇವೂ ಸೇರಿರುತ್ತವೆ. ಖಾಲಿ ನಿವೇಶನಗಳ ವಿಷಯ ತುರ್ತಿನದು, ಏಕೆಂದರೆ ಇಂದು ಪರವಾನಗಿ ಪಡೆದ ಮನೆಯ ರ‍್ಯಾಂಪು ಮುಂದಿನ ವರ್ಷ ರಸ್ತೆಯಲ್ಲಿರುತ್ತದೆ.

ಮೂಲೆಮನೆಯವರೇ, ತಮ್ಮ ಸಾಲಿನಲ್ಲಿ ಮಟ್ಟದ ಅಳತೆ ತೆಗೆಯುವ ದಿನ ತಾವೂ ಅಳತೆಪಟ್ಟಿಯವರ ಜೊತೆಗಿದ್ದರೆ ಪಕ್ಕದವರ ಆತಂಕ ಅರ್ಧ ಕಡಿಮೆಯಾಗುತ್ತದೆ. ಖಾಸಗಿತನದ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಕಾಂಪೌಂಡಿನ ಪಕ್ಕದಲ್ಲಿ ಗಿಡಗಳ ಬೇಲಿಗೆ ಅರ್ಧ ಅಡಿ ಜಾಗ ಬಿಡಲು ಸಾಧ್ಯವೇ ಎಂದು ಕೇಳೋಣ.

ಗಾಲಿಹಾದಿ:

ಕರಡಿಗೆ ಒಂದು ಷರತ್ತನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ. ಕಾಮಗಾರಿ ನಡೆಯುವ ತಿಂಗಳುಗಳಲ್ಲಿ ಅಗೆದ ಮಣ್ಣು ಮತ್ತು ಕಲ್ಲಿನ ರಾಶಿ ರಸ್ತೆಯಂಚನ್ನೆಲ್ಲ ಆಕ್ರಮಿಸುತ್ತದೆ, ಆಗ ಶಾಲೆಯ ಮಕ್ಕಳೂ ನನ್ನಂಥವರೂ ಈಗಿನದಕ್ಕಿಂತ ಹೆಚ್ಚು ಅಪಾಯದಲ್ಲಿರುತ್ತೇವೆ. ಒಂದು ಸಲಕ್ಕೆ ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗೆ ಮಾತ್ರ ಅಗೆಯಬೇಕು, ಅದನ್ನು ಮುಗಿಸಿದ ನಂತರವೇ ಮುಂದಿನ ಭಾಗಕ್ಕೆ ಹೋಗಬೇಕು, ಮತ್ತು ಅಷ್ಟು ದಿನ ತಡೆಬೇಲಿ ಹಾಕಿದ, ಕನಿಷ್ಠ 1.2 ಮೀಟರ್ ಅಗಲದ, ಸಮತಟ್ಟಾದ ತಾತ್ಕಾಲಿಕ ದಾರಿಯನ್ನು ಗುತ್ತಿಗೆದಾರರೇ ಒದಗಿಸಬೇಕು. ಇದನ್ನು ಬಿಲ್ಲಿನ ಪಾವತಿಗೆ ಜೋಡಿಸಿ ಬರೆಯಿರಿ, ಇಲ್ಲದಿದ್ದರೆ ಯಾರೂ ಪಾಲಿಸುವುದಿಲ್ಲ. ಮಟ್ಟದ ಅಳತೆ ತೆಗೆಯುವ ದಿನ ನನಗೂ ತಿಳಿಸಿ, ಅಡ್ಡರಸ್ತೆಗಳ ಇಳಿಜಾರುಗಳು ಎಲ್ಲಿಂದ ಆರಂಭವಾಗಬೇಕೆಂಬುದನ್ನು ಸ್ಥಳದಲ್ಲಿಯೇ ತೋರಿಸುತ್ತೇನೆ.